ಬಲಗಡೆಯ ಪೆಟ್ಟಿಗೆ

ಉಸ್ತಾದರ ಎಡಗಿವಿಯ ಮೇಲೆ ಯಾವಾಗಲೂ ಒಂದು ಮೋಟು ಪೆನ್ಸಿಲ್ ಕೂತಿರುತ್ತಿತ್ತು. ಕೆಂಪು ಬಣ್ಣದ್ದು, ಎರಡೂ ತುದಿ ಚೂಪು ಮಾಡಿದ್ದು. ಆ ಕಿವಿ ಅವರಿಗೆ ಚಿಕ್ಕಂದಿನಿಂದಲೇ ಕೇಳುತ್ತಿರಲಿಲ್ಲ. ಒಂದೇ ಕಿವಿಯ ಮನುಷ್ಯ ಆಳಂದದ ಪೇಟೆಯಲ್ಲಿ ಜೀವಮಾನವಿಡೀ ರೇಡಿಯೋ, ಟೇಪು, ಸ್ಪೀಕರ್ ದುರಸ್ತಿ ಮಾಡಿಕೊಂಡು ಬದುಕಿದರು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಮೊದಲ ಸಲ ನಾನೂ ನಕ್ಕವಳೇ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಆ ಕಿವಿ ಕೆಲಸಕ್ಕ ಬರೂದಿಲ್ರಿ ಅಕ್ಕೋರೆ. ಸುಮ್ನ ಕುಂತು ಉಣ್ಣಬಾರದಂತ ಪೆನ್ಸಿಲ್ ಹೊರಾಕ ಹಚ್ಚೇನಿ” ಎಂದರು. ನಾನು ಇಲ್ಲಿಯ ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈ ಕಡೆ ಸಾಲೆ ಕಲಿಸುವ ಹೆಂಗಸರೆಲ್ಲ ಊರಿಗೆಲ್ಲ ಅಕ್ಕೋರೇ.

ಅಂಗಡಿ ಎಂದರೆ ಒಂದೇ ಬಾಗಿಲಿನ ಗೂಡು. ಇಬ್ಬರು ಒಳಗೆ ಕೂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು. ಆದರೆ ಬಾಗಿಲ ಮೇಲಿನ ಬೋರ್ಡು ಮಾತ್ರ ಜಬರ್ದಸ್ತ್ ಆಗಿತ್ತು. ಒಂದೂವರೆ ಗೇಣು ಅಗಲದ ಸಾಗುವಾನಿ ಹಲಗೆ, ನೀಲಿ ಬಣ್ಣ, ಅದರ ಮೇಲೆ ಹಳದಿ ಅಕ್ಷರದಲ್ಲಿ ಅವರ ಹೆಸರು, ಕೆಳಗೆ ‘ರೇಡಿಯೋ ದುರಸ್ತಿ’. ಅವರಿಗೆ ಕೆಲಸ ಕಲಿಸಿದ ಗುರುಗಳು, ಇವರು ಸ್ವಂತ ಅಂಗಡಿ ಇಟ್ಟ ದಿನ ತಮ್ಮ ಕೈಯಾರೆ ಬರೆದುಕೊಟ್ಟದ್ದಂತೆ. ಉಸ್ತಾದರು ದಿನಾ ಬೆಳಿಗ್ಗೆ ಬೀಗ ತೆಗೆಯುವ ಮುಂಚೆ ಸ್ಟೂಲ್ ಹತ್ತಿ ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಚಹಾ ಆಮೇಲೆ.

ಇನ್ನೊಂದು ಅಭ್ಯಾಸವಿತ್ತು. ಯಾವ ಯಂತ್ರದಿಂದ ಏನೇ ತೆಗೆದರೂ, ಸುಟ್ಟ ವೈರಿನ ತುಂಡೇ ಆಗಲಿ, ಹಳೆ ಅಂಗಿಯ ಅರಿವೆಯಲ್ಲಿ ಗಂಟು ಕಟ್ಟಿ, ಕೆಂಪು ಪೆನ್ಸಿಲಿನಲ್ಲಿ ಚೀಟಿ ಬರೆದು ಮಾಲಕರ ಕೈಗೇ ಕೊಡುತ್ತಿದ್ದರು. “ಕೆಟ್ಟದ್ದು ತಗೊಂಡು ನಾ ಏನು ಮಾಡ್ಲಿ ಉಸ್ತಾದ್ರೆ” ಎಂದು ಒಮ್ಮೆ ರೇಗಿದ್ದೆ. “ನಾಳಿ ಬ್ಯಾರೆ ಯಾರರೆ ಬಿಚ್ಚಿದ್ರ, ನಾ ಏನು ಮಾಡೇನಂತ ಅವರಿಗೆ ತಿಳೀಬೇಕಲ್ರಿ. ತಿರುಗಿ ಹಾಕಾಕ ಬರೂಹಂಗ ಬಿಚ್ಚಬೇಕು” ಎಂದರು. ನನ್ನ ಮನೆಯ ಅಲ್ಮಾರಿಯಲ್ಲಿ ಇಂಥ ಏಳೆಂಟು ಗಂಟುಗಳಿವೆ. ಒಂದನ್ನೂ ಎಸೆದಿಲ್ಲ.

ಈಗ ಪೆಟ್ಟಿಗೆಗಳ ವಿಷಯ ಹೇಳಬೇಕು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮಪ್ಪ ಭೀಮಾ ದಂಡೆಯ ಮಣ್ಣೂರಿನಲ್ಲಿ ಹೆಡ್‌ಮಾಸ್ತರರಾಗಿದ್ದವರು. ಅಫಜಲಪುರದ ಟೂರಿಂಗ್ ಟಾಕೀಸು ಮುಚ್ಚಿದಾಗ, ಆಟ ಶುರುವಾಗುವ ಮುಂಚೆ ರೆಕಾರ್ಡು ಕೇಳಿಸುತ್ತಿದ್ದ ಜೋಡಿ ಸ್ಪೀಕರ್ ಪೆಟ್ಟಿಗೆಗಳನ್ನು ಕೊಂಡು ಎತ್ತಿನ ಗಾಡಿಯಲ್ಲಿ ಮನೆಗೆ ತಂದರು. ಮೊಣಕಾಲೆತ್ತರದ ಕಟ್ಟಿಗೆಯ ಪೆಟ್ಟಿಗೆಗಳು, ಮುಂದೆ ಕಂದು ಬಟ್ಟೆ. ಪ್ರತಿ ಸೋಮವಾರ ನಮ್ಮ ಪಡಸಾಲೆಯಲ್ಲಿ ಭಜನೆ ನಡೆಯುತ್ತಿತ್ತು. ಸೊಲ್ಲಾಪುರದ ಗೆಳೆಯರೊಬ್ಬರು ಎರಡು ಮೈಕಿನ ಟೇಪ್‌ರೆಕಾರ್ಡರ್ ತಂದು ಆ ಭಜನೆಯನ್ನು ಹನ್ನೊಂದು ಕ್ಯಾಸೆಟ್ಟಿಗೆ ಹಿಡಿದರು. ಅಪ್ಪ ಹಾರ್ಮೋನಿಯಂ ಹಿಡಿದು ಹಾಡುತ್ತಾ ಬಲಗಡೆ, ತಬಲಾ ಮತ್ತು ಹಿಮ್ಮೇಳದವರು ಎಡಗಡೆ. ಆ ಕ್ಯಾಸೆಟ್ ಹಾಕಿದರೆ ಹಾಗೆಯೇ ಕೇಳುತ್ತಿತ್ತು, ಬಲಗಡೆಯ ಪೆಟ್ಟಿಗೆಯಲ್ಲಿ ಅಪ್ಪ, ಎಡಗಡೆಯದರಲ್ಲಿ ತಬಲಾ.

ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆ ಆಳಂದಕ್ಕೆ ಬಂದಳು, ಅವಳ ಹಿಂದೆ ಪೆಟ್ಟಿಗೆಗಳೂ ಬಂದವು. ಆಮೇಲೆ ಅವಳ ಎರಡೂ ಕಣ್ಣು ಹೋದವು. ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ಎರಡು ಪೆಟ್ಟಿಗೆಗಳ ನಡುವೆ ಚಾಪೆ ಹಾಸಿಕೊಂಡು, ಬಲಗಡೆಯ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕೂರುವುದೇ ಅವಳ ದಿನದ ಕೆಲಸ. ಆ ಪೆಟ್ಟಿಗೆಯ ಮೇಲೆ ಅಪ್ಪ ಊದಿನಕಡ್ಡಿ ಇಟ್ಟು ಇಟ್ಟು ಸುಟ್ಟ ಒಂದು ಗುಳಿಯಿದೆ. ಅವಳ ಹೆಬ್ಬೆರಳು ಅದರಲ್ಲೇ ಇರುತ್ತಿತ್ತು. “ಇವತ್ತ ದನಿ ಛಲೋ ಹತ್ತೇದ” ಎನ್ನುತ್ತಿದ್ದಳು, ಅಪ್ಪ ಈಗಷ್ಟೇ ಹಾಡಲು ಕೂತಿದ್ದಾರೆ ಎಂಬಂತೆ.

ಒಂದು ಆಷಾಢದಲ್ಲಿ ಬಲಗಡೆಯ ಪೆಟ್ಟಿಗೆ ಗರಗರ ಅನ್ನತೊಡಗಿತು. ಉಸ್ತಾದರನ್ನು ಕರೆದೆ. ಬಂದವರು ಪೆಟ್ಟಿಗೆಗೆ ಕೈ ಹಚ್ಚಲಿಲ್ಲ. ನನ್ನನ್ನು ಬಿಟ್ಟು ಅವ್ವನ ಮುಂದೆ ಕೂತು, “ಅವ್ವಾರೆ, ಏನು ಕೇಳಸ್ತದ್ರಿ ನಿಮಗ” ಎಂದು ಕೇಳಿದರು.

“ಅವರು ಕೆಮ್ಮಾಕತ್ತಾರ್ರಿ. ನಾಕು ದಿನ ಆತು” ಎಂದಳು ಅವ್ವ.

ಉಸ್ತಾದರು ಬಲಗಿವಿಯನ್ನು ಆ ಕಂದು ಬಟ್ಟೆಗೆ ಹಚ್ಚಿ, ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಮುಗಿಯುವವರೆಗೆ ಕಣ್ಣು ಮುಚ್ಚಿ ಕೂತರು. ಚಹಾ ಆರಿಹೋಯಿತು. ಆಮೇಲೆ ಎದ್ದು ಹೇಳಿದರು, “ಒಳಗಿನ ಕಾಗದದ ಅಂಚು ಸೀಳೇದ. ಕೆಮ್ಮಿಗೆ ಔಷಧ ಅದ, ತಲಿ ಬದಲ ಮಾಡೂದು ಬ್ಯಾಡ. ಆದ್ರ ಈ ಹಸಿ ಹವಾದಾಗ ಕಾಗದ ಕೂಡೂದಿಲ್ರಿ. ದಸರಾ ಆಗ್ಲಿ, ಬಿಸಿಲು ಬೀಳ್ಲಿ. ಒಂದೊಂದ ಪದರ ಹಚ್ಚಿ ಒಣಗಸ್ತೇನಿ.”

ದಸರಾ ಅಂದರೆ ಮೂರು ತಿಂಗಳು. ನನಗೆ ಸಿಟ್ಟು ನೆತ್ತಿಗೇರಿತು. ಹವಾ ನೋಡಿ ಜೋಳ ಬಿತ್ತುವವರನ್ನು ಕಂಡಿದ್ದೆ, ಹವಾ ನೋಡಿ ಸ್ಪೀಕರ್ ರಿಪೇರಿ ಮಾಡುವವರನ್ನು ಕಂಡಿರಲಿಲ್ಲ. “ಅಲ್ಲೀತನಕ ನಮ್ಮವ್ವ ಏನು ಮಾಡಬೇಕ್ರಿ” ಎಂದೆ. “ಕೇಳ್ಲಿ. ಕೆಮ್ಮಿದ್ರೂ ಅವರೇ ಅಲ್ಲೇನ್ರಿ” ಎಂದು ಚಪ್ಪಲಿ ಮೆಟ್ಟಿ ಹೋದರು. ಎಂಥ ಹಟಮಾರಿ ಮನುಷ್ಯ ಎಂದು ಬಾಗಿಲಲ್ಲೇ ನಿಂತು ಬೈದೆ. ಎಡಗಡೆಯಿಂದ ಬೈದಿದ್ದರಿಂದ ಅವರಿಗೆ ಕೇಳಿಸಲಿಲ್ಲ.

ಆಗ ಬಂದ ನನ್ನ ತಮ್ಮ. ಜೇವರ್ಗಿಯಲ್ಲಿ ಮದುವೆ, ಮೆರವಣಿಗೆಗೆಲ್ಲ ಡಿಜೆ ಹಚ್ಚುವ ಧಂದೆ ಅವನದು. ಪೆಟ್ಟಿಗೆ ನೋಡಿದ್ದೇ ತಡ, “ಅಕ್ಕಾ, ಈ ಹಳೆ ಡಬ್ಬಿಗೆ ಮೂರು ತಿಂಗಳ ಕಾಯ್ತೀಯೇನು? ಒಳಗಿನ ಮಾಲೆಲ್ಲಾ ತೆಗದು ಹೊಸಾ ವೂಫರ್ ಹಾಕಸ್ತೇನಿ, ಬ್ಲೂಟೂತ್ ಕೂಡಸ್ತೇನಿ. ಉಸ್ತಾದ್ ಕೇಳೂದ್ರಾಗ ಅರ್ಧಾ ರೊಕ್ಕದಾಗ ಮುಗೀತದ. ಗ್ವಾಡಿ ನಡಗತಾವ ನೋಡು” ಎಂದ.

ಗೋಡೆ ನಡುಗಿಸಿ ನಮಗೇನಾಗಬೇಕಿತ್ತು? ಆ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಅದೇ ವರ್ಷ ಅವ್ವನ ಔಷಧಿ, ಮನೆಯ ಮೇಲ್ಛಾವಣಿ ದುರಸ್ತಿ ಎರಡರ ಖರ್ಚೂ ಒಟ್ಟಿಗೆ ಬಂದಿತ್ತು. ಪೆನ್ಶನ್ನಿನ ಕೈಗೆ ಅರ್ಧ ಖರ್ಚು ಎಂಬ ಮಾತು ಸಿಹಿಯಾಗಿ ಕೇಳಿಸಿತು. ಮೂವತ್ತು ವರ್ಷ ಮಕ್ಕಳಿಗೆ ‘ಅವಸರ ಮಾಡಬೇಡಿ’ ಎಂದು ಬೋರ್ಡಿನ ಮೇಲೆ ಬರೆಸಿದವಳು, ಉಸ್ತಾದರಿಗೆ ಒಂದು ಮಾತೂ ಹೇಳದೆ ಬಲಗಡೆಯ ಪೆಟ್ಟಿಗೆಯನ್ನು ತಮ್ಮನ ಟಂಟಂ ಗಾಡಿಗೆ ಹೇರಿಸಿದೆ. ಒಂದು ಮಾಡಿ ನೋಡೋಣ, ಸರಿಬಂದರೆ ಇನ್ನೊಂದು ಎಂದು ನಮ್ಮ ಲೆಕ್ಕಾಚಾರ.

ಎಂಟು ದಿನಕ್ಕೆ ತಿರುಗಿ ಬಂತು. ಕಂದು ಬಟ್ಟೆ ಹೋಗಿ ಕಪ್ಪು ಜಾಳಿಗೆ ಬಂದಿತ್ತು. ಮುಂದಿನ ಹಲಗೆಯ ತೂತನ್ನು ಗರಗಸ ಹಾಕಿ ತಾಟಿನಷ್ಟು ಅಗಲ ಕೊಯ್ದಿದ್ದರು. ಒಳಗೆ ಸ್ಪಂಜು ತುರುಕಿದ್ದರು. ನೀಲಿ ದೀಪ ಬೇರೆ ಮಿಣಮಿಣ ಅನ್ನುತ್ತಿತ್ತು, ಕುರುಡು ಮುದುಕಿಯ ಮನೆಯಲ್ಲಿ.

ತಮ್ಮ ಹೆಮ್ಮೆಯಿಂದ ಕ್ಯಾಸೆಟ್ ಹಚ್ಚಿದ. ಗರಗರ ನಿಂತಿತ್ತು, ಸುಳ್ಳೇಕೆ ಹೇಳಲಿ. ಆದರೆ ಗಡಿಗೆಯೊಳಗೆ ಬಾಯಿ ಇಟ್ಟು ಯಾರೋ ಹಾಡಿದಂತಿತ್ತು. ಅವ್ವ ಪೆಟ್ಟಿಗೆಯ ಮೇಲಿನಿಂದ ಕೈ ಹಿಂತೆಗೆದಳು. ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ಗೋಡೆಯ ಕಡೆ ಮಾಡಿ ಕೂತಳು. ಪರ ಗಂಡಸರು ಪಡಸಾಲೆಗೆ ಬಂದರೆ ನಮ್ಮ ಕಡೆಯ ಹಳೆಯ ಹೆಂಗಸರು ಹಾಗೆಯೇ ಮಾಡುವುದು.

“ಯಾಕವ್ವಾ” ಎಂದೆ.

“ಮನ್ಯಾಗ ಯಾರೋ ಗಂಡಸರು ಹಾಡಾಕತ್ತಾರಲ್ಲ. ಯಾರ ಬೇ ಅವರು? ನಿಮ್ಮಪ್ಪ ಎಲ್ಲಿ ಹೋಗ್ಯಾರ?”

ತಮ್ಮ ಹಲ್ಲು ಕಿರಿದು, “ಅವ್ವಗ ವಯಸ್ಸಾತು” ಎಂದ. ಅವನ ಕಪಾಳಕ್ಕೆ ಹೊಡೆಯದೆ ಬಿಟ್ಟದ್ದು ಅವನಿಗೂ ಮಕ್ಕಳಾಗಿವೆ ಎಂಬ ಒಂದೇ ಕಾರಣಕ್ಕೆ.

ಅಲ್ಲಿಗಾದರೂ ನಾನು ಮರ್ಯಾದೆಯಿಂದ ಸುಮ್ಮನಾಗಬೇಕಿತ್ತು. ಮರುದಿನ ಅವ್ವ ಸ್ನಾನಕ್ಕೆ ಹೋದಾಗ ಎರಡು ಪೆಟ್ಟಿಗೆಗಳನ್ನು ಅದಲುಬದಲು ಮಾಡಿ, ವೈರನ್ನೂ ಬದಲಿಸಿ ಇಟ್ಟೆ. ಕೆಡದೆ ಇದ್ದ ಎಡಗಡೆಯ ಪೆಟ್ಟಿಗೆ ಬಲಗಡೆ ಬಂತು, ಅಪ್ಪನ ದನಿ ಅದರಲ್ಲಿ ಸರಿಯಾಗಿಯೇ ಬಂತು. ಅವ್ವ ಕೂತು ಕೈಯಿಟ್ಟಳು. ಹೆಬ್ಬೆರಳು ಊದಿನಕಡ್ಡಿಯ ಗುಳಿಯನ್ನು ಹುಡುಕಿತು, ಸಿಗಲಿಲ್ಲ. “ಕಣ್ಣಿಲ್ಲದಾಕಿನ್ನ ಮೋಸ ಮಾಡಾಕ ಬಂದಿಯೇನ ಬೇ” ಎಂದಳು. ಗದರಲಿಲ್ಲ. ಅಷ್ಟು ಹೇಳಿ ಕ್ಯಾಸೆಟ್ ಬಂದ್ ಮಾಡು ಎಂದಳು. ಬಂದ್ ಮಾಡಿ, ಪೆಟ್ಟಿಗೆಗಳನ್ನು ಮೊದಲಿನ ಜಾಗಕ್ಕೆ ಸರಿಸಿದೆ. ಅಂದಿನಿಂದ ಮಧ್ಯಾಹ್ನ ಅವಳು ಚಾಪೆ ಹಾಸಿಕೊಳ್ಳುವುದನ್ನೇ ಬಿಟ್ಟಳು. ಮೂಲೆಯಲ್ಲಿ ಗೋಡೆಗೊರಗಿ, ತಲೆಯ ಮೇಲಿನ ಸೆರಗು ತೆಗೆಯದೆ ಕೂತಿರುತ್ತಿದ್ದಳು. ಊಟ ಅರ್ಧಕ್ಕಿಳಿಯಿತು.

ನಾನು ಬಸ್ಸು ಹತ್ತಿ ಜೇವರ್ಗಿಗೆ ಹೋದೆ. ತೆಗೆದ ಹಳೆಯ ಸ್ಪೀಕರ್ ಎಲ್ಲಿ ಎಂದು ಕೇಳಿದೆ. ಕೆಲಸ ಮಾಡಿದವರು ಅದರ ಆಯಸ್ಕಾಂತ ಒಡೆದುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದ್ದರು. “ಹೋದದ್ದು ಹೋತು ಬಿಡಕ್ಕಾ, ಹೊಸಾದು ಅದರ ಅಪ್ಪನಂಥದು ಹಾಕೇವಲ್ಲ” ಎಂದ ತಮ್ಮ. ಅವನ ಅಂಗಡಿಯ ಮುಂದೆ, ನಾಲ್ಕು ಮಂದಿ ಗಿರಾಕಿಗಳ ಎದುರಿಗೆ, ನಾನು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಸಾಲೆಯಲ್ಲಿ ಕಲಿಸಿದ ಕನ್ನಡ ಅದಾಗಿರಲಿಲ್ಲ.

ಉಸ್ತಾದರ ಅಂಗಡಿಗೆ ಹೋಗಲು ಮಾತ್ರ ಕಾಲು ಏಳಲಿಲ್ಲ. ಎರಡು ದಿನ ತಡೆದು ಹೋದೆ. ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಅಕ್ಕೋರೆ, ಸಾಲ್ಯಾಗ ಹುಡುಗ ಒಂದು ಅಕ್ಷರ ತಪ್ಪು ಬರದ್ರ ಪುಸ್ತಕಾನೇ ಹರದು ಒಲಿಗೆ ಹಾಕ್ತಿದ್ರೇನ್ರಿ” ಎಂದರು. ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಉತ್ತರಕ್ಕೆ ಕಾದರು. ಆಮೇಲೆ ತಾವೇ ಹೇಳಿದರು, “ಹಳೇದಂತ ಪೂಜಾ ಮಾಡಬ್ಯಾಡ್ರಿ. ನಾನೂ ವೈರ್ ಬದಲ ಮಾಡ್ತೇನಿ, ಅರಿವಿ ಬದಲ ಮಾಡ್ತೇನಿ. ಆದ್ರ ಹಳೇದಂತ ಕೊಲ್ಲಬಾರದ್ರಿ. ಅವ್ವಾರನ್ನ ಕೇಳಿದ್ರೇನು ನೀವು? ಕೇಳೋರು ಅವರು. ಗರಗಸ ಹಿಡದವರು ನೀವು.”

ಕೆಳಗಿಟ್ಟ ಕೆಲಸವನ್ನು ಅವರು ಮತ್ತೆ ಎತ್ತಿಕೊಂಡರು. ಆಮೇಲೆ ನಾನೇ, “ಏನರೆ ಮಾಡ್ರಿ ಉಸ್ತಾದ್ರೆ. ಆದ್ರ ಖರ್ಚು ಕಮ್ಮಿ ಇರ್ಲಿ” ಎಂದೆ. ಅಷ್ಟೆಲ್ಲ ಆದಮೇಲೂ ಖರ್ಚಿನ ಮಾತು ಆಡಿದ ನನ್ನ ನಾಲಿಗೆಗೆ ಏನು ಹೇಳಲಿ.

ಅವರು ಮನೆಗೆ ಬಂದು ಎರಡೂ ಪೆಟ್ಟಿಗೆಗಳನ್ನು ನೋಡಿ, ಅವ್ವನ ಮುಂದೆ ಕೂತು ಉಪಾಯ ಹೇಳಿದರು. ಎಡಗಡೆಯದರ ಒಳಗಿರುವ ಹಳೆಯ ಸ್ಪೀಕರ್ ಬಲಗಡೆಯದರ ಅವಳಿ. ಅದನ್ನು ತೆಗೆದು ಊದಿನಕಡ್ಡಿಯ ಪೆಟ್ಟಿಗೆಗೆ ಕೂಡಿಸುವುದು. ಎಡಗಡೆಗೆ ಅಂಗಡಿಯಲ್ಲಿರುವ ಒಂದು ಸಾದಾ ಸ್ಪೀಕರ್ ಹಾಕುವುದು. “ತಬಲಾ ಏನ್ರಿ, ಯಾರು ಬಾರಿಸಿದ್ರೂ ತಬಲಾನೇ. ಹಾಡೋರು ಮಾತ್ರ ಅವರೇ ಇರಬೇಕು” ಎಂದರು. ಅವ್ವ ಮೂಲೆಯಿಂದ ಹೂಂ ಎಂದಳು. ತೊಡಕು ಒಂದೇ ಇತ್ತು. ತಾಟಿನಗಲ ಕೊಯ್ದ ತೂತಿಗೆ ಹಳೆಯ ಸ್ಪೀಕರ್ ಸಣ್ಣದಾಗುತ್ತಿತ್ತು, ನಡುವೆ ಕಟ್ಟಿಗೆಯ ಒಂದು ಬಳೆ ಕೂಡಿಸಬೇಕಿತ್ತು. ಪೇಟೆಯಲ್ಲಿ ಸಿಗುವ ಪ್ಲೈವುಡ್, ಬೇವಿನ ಹಲಗೆ ಎಲ್ಲ ತಂದು ಕಿರುಬೆರಳ ಉಗುರಿನಿಂದ ತಟ್ಟಿ ತಟ್ಟಿ ಕೇಳಿದರು. ಯಾವುದೂ ಪಸಂದು ಬರಲಿಲ್ಲ. ಪೆಟ್ಟಿಗೆ ಹಳೆಯ ಸಾಗುವಾನಿಯದು, ಅದಕ್ಕೆ ಅಷ್ಟೇ ಹಳೆಯ, ಅಷ್ಟೇ ಒಣಗಿದ ಸಾಗುವಾನಿಯೇ ಬೇಕು ಎಂದರು. ನಾನು ಬೆಲೆ ಕೇಳಿ ಮುಖ ಸಣ್ಣದು ಮಾಡಿದೆ. “ಇರ್ಲಿ ಬಿಡ್ರಿ, ನೋಡ್ತೇನಿ” ಎಂದು ಎರಡೂ ಪೆಟ್ಟಿಗೆ ಒಯ್ದರು.

ದಸರೆಗೆ ಎರಡು ದಿನ ಮುಂಚೆ ತಂದು ಇಟ್ಟರು. ಕಪ್ಪು ಜಾಳಿಗೆ ಹೋಗಿ ಮತ್ತೆ ಕಂದು ಬಟ್ಟೆ ಬಂದಿತ್ತು. ವೂಫರನ್ನೂ, ನೀಲಿ ದೀಪವನ್ನೂ ಗಂಟು ಕಟ್ಟಿ ಚೀಟಿ ಬರೆದು ನನ್ನ ಕೈಗೆ ಕೊಟ್ಟರು. “ಕಟ್ಟಿಗಿ ಎಲ್ಲಿ ಸಿಕ್ತು” ಎಂದು ಕೇಳಿದೆ. “ಹಳೇ ಹಲಗಿ ಒಂದು ಬಿದ್ದಿತ್ತು” ಎಂದರು. ಅದಕ್ಕೆ ರೊಕ್ಕ ಹಿಡಿಯಲಿಲ್ಲ.

ಕ್ಯಾಸೆಟ್ ಹಚ್ಚಿದೆವು. ಅವ್ವ ಮೂಲೆಯಿಂದ ಅಲುಗಲಿಲ್ಲ. ಮೊದಲು ಹಾರ್ಮೋನಿಯಂ ಬಂತು, ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು ಹಾಡು ಎತ್ತಿಕೊಂಡರು. ಅವ್ವ ಗೋಡೆ ಹಿಡಿದು ಎದ್ದು ಬಂದು ಪೆಟ್ಟಿಗೆಯ ಪಕ್ಕ ಕೂತಳು. ಹೆಬ್ಬೆರಳು ಗುಳಿಗೆ ಹೋಯಿತು. ತುಸು ಹೊತ್ತಿಗೆ ಸೆರಗು ತಾನಾಗಿ ಹೆಗಲಿಗಿಳಿಯಿತು, ಅವಳು ಅದನ್ನು ಎಳೆದುಕೊಳ್ಳಲಿಲ್ಲ.

“ತಬಲಾದವ ಬದಲಾಗ್ಯಾನ” ಎಂದಳು. ಉಸ್ತಾದರು ನನ್ನ ಮುಖ ನೋಡಿದರು. “ಇರ್ಲಿ ಬಿಡ್ರಿ. ಹಿಂದಿನವ ಬರೇ ತಾಳ ತಪ್ಪತಿದ್ದ” ಎಂದಳು ಅವ್ವ. ಉಸ್ತಾದರು ಕಿವಿಯ ಮೇಲಿನ ಪೆನ್ಸಿಲ್ ಬೀಳುವಷ್ಟು ನಕ್ಕರು.

ಅದಾಗಿ ಕೆಲವು ದಿನಕ್ಕೆ ಅವರ ಅಂಗಡಿಯ ಮುಂದೆ ಹಾಯ್ದೆ. ಬಾಗಿಲ ಮೇಲೆ ಬೋರ್ಡು ಇರಲಿಲ್ಲ, ಎರಡು ಮೊಳೆ ಮಾತ್ರ ಇದ್ದವು. ರಸ್ತೆ ಅಗಲ ಮಾಡುವವರು ಕಿತ್ತಿರಬೇಕು ಎಂದು ನಾನೇ ತೀರ್ಮಾನಿಸಿ, ಅವರಿಗೆಲ್ಲ ಅಲ್ಲೇ ನಿಂತು ಬೈದೆ. ಅರ್ಜಿ ಬರೆದುಕೊಡುತ್ತೇನೆ, ಸಹಿ ಹಾಕಿ ಎಂದೆ. ಉಸ್ತಾದರು ಬೇಡವೆಂದರು. “ಬೋರ್ಡ್ ಇಲ್ಲದ ಅಂಗಡಿಗೆ ಯಾರು ಬರ್ತಾರ್ರಿ” ಎಂದರೆ, “ಬರೋರಿಗೆ ದಾರಿ ಗೊತ್ತದ” ಎಂದು ಕೆಲಸಕ್ಕೆ ತಲೆ ಬಗ್ಗಿಸಿದರು. ಗೊತ್ತಿದ್ದವರು ಬರುತ್ತಿದ್ದರು. ಗೊತ್ತಿಲ್ಲದವರು ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಆಮೇಲಾಮೇಲೆ ಅವರು ಮಧ್ಯಾಹ್ನವೇ ಬಾಗಿಲು ಹಾಕತೊಡಗಿದರು. ಸ್ಟೂಲ್ ಒಳಗೇ ಮೂಲೆಯಲ್ಲಿ ಇರುತ್ತಿತ್ತು.

ಹೋದ ವರ್ಷ ನಾನು ಮಗಳ ಬಾಣಂತನಕ್ಕೆಂದು ಒಂದು ತಿಂಗಳು ಊರಲ್ಲಿರಲಿಲ್ಲ. ಬಂದು ನೋಡಿದರೆ ಅಂಗಡಿಗೆ ಬೀಗ. ಪಕ್ಕದ ಬಳೆಯಂಗಡಿಯವಳು ಬಳೆ ಜೋಡಿಸುತ್ತಲೇ, “ತೀರಿಹೋಗಿ ಹದಿನೈದು ದಿನ ಆತಲ್ರಿ ಅಕ್ಕೋರೆ, ನಿಮಗ ಗೊತ್ತಿಲ್ಲೇನು” ಎಂದಳು. ಊರವರೆಲ್ಲರ ಹತ್ತಿರವೂ ನನ್ನ ನಂಬರ್ ಇದೆ. ಬೆಳಗಾದರೆ ಹೂವಿನ ಚಿತ್ರ, ಶುಭೋದಯ ಕಳಿಸಿ ಕಳಿಸಿ ನನ್ನ ಫೋನು ತುಂಬಿಸುತ್ತಾರೆ. ಒಬ್ಬರಿಗೂ ಈ ಒಂದು ಸುದ್ದಿ ಕಳಿಸಬೇಕೆನಿಸಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಈ ಚಳಿಗಾಲದಲ್ಲಿ ಬಲಗಡೆಯ ಪೆಟ್ಟಿಗೆ ಸಣ್ಣಗೆ ತಟತಟ ಅನ್ನತೊಡಗಿತು. ಒಯ್ಯುವುದು ಎಲ್ಲಿಗೆ? ಫೋನಿನಲ್ಲಿ ತಮ್ಮ, “ತಾ ಇಲ್ಲಿ, ಈ ಸಲ ಸರಿ ಮಾಡ್ತೇನಿ” ಎಂದ. ಫೋನ್ ಇಟ್ಟೆ. ಸ್ಕ್ರೂಡ್ರೈವರ್ ತಂದು ನಾನೇ ಹಿಂದಿನ ಹಲಗೆ ಬಿಚ್ಚಿದೆ, ತಿರುಗಿ ಹಾಕಲು ಬರುವ ಹಾಗೆ ಒಂದೊಂದೇ ತಿರುಪನ್ನು ತಾಟಿನಲ್ಲಿ ಸಾಲಾಗಿ ಇಡುತ್ತಾ. ಕೆಟ್ಟದ್ದೇನಿರಲಿಲ್ಲ, ಒಂದು ತಿರುಪು ಸಡಿಲಾಗಿತ್ತು. ಬಿಗಿ ಮಾಡಲು ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ.

ಸ್ಪೀಕರಿನ ಸುತ್ತ ಕೂಡಿಸಿದ್ದ ಕಟ್ಟಿಗೆಯ ಬಳೆ ನೀಲಿ ಬಣ್ಣದ್ದಾಗಿತ್ತು. ನಾಲ್ಕು ತುಂಡು ಸೇರಿಸಿ ಮಾಡಿದ್ದು. ಒಂದು ತುಂಡಿನ ಮೇಲೆ ‘ರೇಡಿ’ ಎಂದಿತ್ತು, ತಲೆಕೆಳಗಾಗಿ. ಇನ್ನೊಂದರ ಮೇಲೆ, ಹಳದಿಯಲ್ಲಿ, ಅವರ ಹೆಸರಿನ ಮೊದಲ ಎರಡು ಅಕ್ಷರ.

ನನಗೆ ಬಂದದ್ದು ಮೊದಲು ಸಿಟ್ಟೇ. ಒಂದು ಮಾತು ಹೇಳಬಾರದಿತ್ತೇನು ಈ ಮನುಷ್ಯ? ಗುರುಗಳು ಬರೆದುಕೊಟ್ಟದ್ದು, ದಿನಾ ಒರೆಸಿದ್ದು, ಅನ್ನ ಕೊಟ್ಟದ್ದು. ಅದನ್ನು ಕೊಯ್ದು ನನ್ನ ತಪ್ಪಿನ ತೂತು ಮುಚ್ಚಿ, ‘ಹಳೇ ಹಲಗಿ ಒಂದು ಬಿದ್ದಿತ್ತು’ ಅಂದುಬಿಟ್ಟರು. ನಾನು ಅವರ ಮುಂದೆಯೇ ನಿಂತು ರಸ್ತೆಯವರಿಗೆ ಬೈಯುವಾಗ ಸುಮ್ಮನಿದ್ದರು. ಖರ್ಚು ಕಮ್ಮಿ ಇರಲಿ ಎಂದಿದ್ದೆನಲ್ಲ, ಆ ಖರ್ಚನ್ನು ಅವರು ಹೊತ್ತರು.

“ಯಾಕ ಮೂಗು ಏರಸಾಕತ್ತಿ” ಎಂದಳು ಅವ್ವ, ಚಾಪೆಯ ಮೇಲಿಂದ.

ಅವಳ ಕೈ ಹಿಡಿದು ಪೆಟ್ಟಿಗೆಯ ಒಳಗಿಟ್ಟೆ. ಬಣ್ಣ ದಪ್ಪವಾಗಿ ಕೂತಿತ್ತು, ಅವಳ ಬೆರಳಿಗೆ ಸಿಕ್ಕಿತು. “ಏನೋ ಬರದಾರಲ್ಲ ಇಲ್ಲಿ” ಎಂದಳು. ಅವಳು ಸಾಲೆಯ ಮುಖ ಕಂಡವಳಲ್ಲ. “ಏನಂತ ಬರದಾರ, ಓದು.”

ಅವಳ ಬೆರಳ ಕೆಳಗೆ ಉಸ್ತಾದರ ಹೆಸರಿನ ಎರಡೇ ಅಕ್ಷರ ಇದ್ದವು. ನಾನು ಪೂರ್ತಿ ಹೆಸರು ಓದಿ ಹೇಳಿದೆ.

ಅವ್ವ ಒಂದು ಕೈಯನ್ನು ಆ ಅಕ್ಷರಗಳ ಮೇಲೇ ಇಟ್ಟುಕೊಂಡು, ಇನ್ನೊಂದು ಕೈಯಿಂದ ಸೆರಗನ್ನು ಹುಡುಕಿ, ಮನೆಗೆ ಹಿರಿಯರು ಬಂದಾಗ ಹೊದೆಯುವಂತೆ ತಲೆಯ ಮೇಲೆ ಹೊದ್ದುಕೊಂಡಳು.